ತಾಯವ್ವನ ಗವಿಯ ಬೂದಿ

ಒಂದು ಹಿಡಿ ಮಣ್ಣು ತನ್ನ ಊರು ಯಾವುದೆಂದು ತಾನೇ ಬಾಯಿಬಿಟ್ಟು ಹೇಳುವಂತಾದರೆ ಏನಾಗುತ್ತದೆ? ಕಣಮೂಲ ಯಂತ್ರ ಬಂದ ಹೊಸತರಲ್ಲಿ ಆದದ್ದೆಂದರೆ, ಮರಳು ಕದಿಯುವವರು ಲಾರಿ ಮಾರಿ ಬೇರೆ ದಂಧೆ ನೋಡಿಕೊಂಡರು. ಪೊಲೀಸರು ಕಳ್ಳನ ಮುಖಕ್ಕಿಂತ ಮೊದಲು ಅವನ ಚಪ್ಪಲಿ ನೋಡುವುದನ್ನು ಕಲಿತರು. ಇಸ್ಪೀಟಿನ ಅಡ್ಡೆಗೆ ಹೋಗಿಬಂದ ಗಂಡಂದಿರು ಹೊಸ್ತಿಲಾಚೆಯೇ ಕಾಲು ತೊಳೆದು ಒಳಗೆ ಬರತೊಡಗಿದರು. ಹೆಂಡಂದಿರ ಕೈಗೇನೂ ಯಂತ್ರ ಬಂದಿರಲಿಲ್ಲ, ಆದರೂ ಸುಮ್ಮನೆ ಯಾಕೆ ತಂಟೆ ಎಂಬ ಎಚ್ಚರ. ಕಲಬುರಗಿಯ ಜನ ಅದಕ್ಕೆ ‘ಜಾತಕದ ಪೆಟ್ಟಿಗೆ’ ಎಂದು ಹೆಸರಿಟ್ಟರು.

ಹೆಸರು ಸರಿಯಾಗಿಯೇ ಇತ್ತು. ಮಣ್ಣನ್ನು ನುಣ್ಣಗೆ ಅರೆದು, ಜರಡಿ ಹಿಡಿದು ಯಂತ್ರದ ಬಾಯಿಗೆ ಹಾಕಿದರೆ ಅದು ಎರಡು ಮಾತು ಹೇಳುತ್ತಿತ್ತು. ಒಂದು, ಪ್ರತಿಯೊಂದು ಕಣ ಯಾವ ಸೀಮೆಯ ಕಲ್ಲಿನಿಂದ ಬಂದದ್ದು. ಎರಡು, ಅದು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ. ಕತ್ತಲಲ್ಲಿ ಬಿದ್ದ ಬೆಣಚುಕಲ್ಲಿನ ಪುಡಿ ಸುತ್ತಲಿನ ಮಣ್ಣಿನ ವಿಕಿರಣವನ್ನು ಚೂರುಚೂರಾಗಿ ಒಳಗೆ ಕೂಡಿಡುತ್ತದೆ. ಬೆಳಕು ಬಿದ್ದ ಕೂಡಲೇ ಕೂಡಿಟ್ಟದ್ದೆಲ್ಲ ಖಾಲಿ. ಎಷ್ಟು ಕೂಡಿದೆ ಎಂದು ಅಳೆದರೆ ಎಷ್ಟು ಕಾಲ ಕತ್ತಲಲ್ಲಿತ್ತೆಂದು ತಿಳಿಯುತ್ತದೆ. ಕೆಲಸ ಮುಗಿದ ಮೇಲೆ ಯಂತ್ರ ಆ ಮಣ್ಣನ್ನು ಕರಗಿಸಿ ಗಾಜಿನ ಗುಂಡು ಮಾಡಿ ಉಗುಳುತ್ತಿತ್ತು. ಜಾತಕ ಉಳಿಯುತ್ತಿತ್ತು, ಮಣ್ಣು ಉಳಿಯುತ್ತಿರಲಿಲ್ಲ.

ಈ ಪೆಟ್ಟಿಗೆಯಿದ್ದ ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಅಣವೀರ. ಸೇಡಂ ಕಡೆಯ ಸುಣ್ಣದಹಾಳದವನು. ಊರಿನ ನೆಲವೆಲ್ಲ ಸುಣ್ಣಕಲ್ಲು. ಮನೆಗೆ ಹಾಸುವ ಪರಸಿ ಅದೇ, ಗೋಡೆ ಅದೇ, ಬಾವಿಯ ಕಟ್ಟೆಯೂ ಅದೇ. ಸುಣ್ಣಕಲ್ಲಿನ ಗುಣ ಗೊತ್ತಲ್ಲ, ಮಳೆನೀರು ಸಂದಿಗೆ ಇಳಿದು ಲಕ್ಷಗಟ್ಟಲೆ ವರ್ಷ ಅದನ್ನು ಕರಗಿಸುತ್ತ ಹೋದರೆ ಒಳಗೆ ಟೊಳ್ಳಾಗುತ್ತದೆ. ಹಾಗೆ ಆದದ್ದು ಊರ ಹೊರಗಿನ ತಾಯವ್ವನ ಗವಿ. ಗವಿಯ ಒಳಕೋಣೆ ದೊಡ್ಡದು, ಒಂದು ಮದುವೆ ಚಪ್ಪರ ಹಿಡಿಸುವಷ್ಟು. ಕೆಳಗೆ ಜೇಡಿಯ ನೆಲ. ಗೋಡೆಗೆ ಹೊಂದಿಕೊಂಡು ಆಳೆತ್ತರದಲ್ಲಿ ಕಲ್ಲಿನದೇ ಒಂದು ಜಗಲಿ, ಅದರ ಮೇಲೆ ಪದರಪದರವಾಗಿ ಕೂತ ಮಣ್ಣು.

ಆ ಒಳಕೋಣೆಯ ಮೇಲೆ ಒಂದು ಕಂಪನಿಯ ಕಣ್ಣು ಬಿದ್ದಿತ್ತು. ದೇಶದ ಗಾಡಿಗಳೆಲ್ಲ ಬ್ಯಾಟರಿಯ ಮೇಲೆ ಓಡುವ ಕಾಲ. ಸತ್ತ ಬ್ಯಾಟರಿಗಳನ್ನು ಬಗೆದು ತೆಗೆದ ವಿಷದ ಕೆಸರನ್ನು ಎಲ್ಲಿಡುವುದು ಎಂಬುದೇ ದೊಡ್ಡ ತಲೆನೋವು. ನೀರು ಸುಳಿಯದ ಗವಿ ಸಿಕ್ಕರೆ ತುಂಬಿಸಿ ಬಾಯಿ ಮುಚ್ಚಿಬಿಡಬಹುದು. ನೀರು ಸುಳಿಯುವುದಿಲ್ಲವೆಂದು ಹೇಳಬೇಕಾದವನು ಅಣವೀರ. ತಪ್ಪಿದರೆ ಕೆಸರಿನ ವಿಷ ಊರಿನ ಅಷ್ಟೂ ಬಾವಿಗಳಿಗೆ ಇಳಿಯುತ್ತದೆ.

ಅವನು ಹೇಳಿದ. ಘಂಟಾಘೋಷವಾಗಿ ಹೇಳಿದ. ಜಗಲಿಯ ಮೇಲ್ಪದರದಲ್ಲಿ ಅವನಿಗೆ ಬಿಳಿಯ ಚುಕ್ಕೆಗಳು ಕಂಡಿದ್ದವು, ಯಂತ್ರ ಅದನ್ನು ಜ್ವಾಲಾಮುಖಿಯ ಗಾಜು ಎಂದಿತ್ತು. ಎಪ್ಪತ್ತು ಸಾವಿರ ವರ್ಷಗಳ ಹಿಂದೆ ಸುಮಾತ್ರಾದಲ್ಲಿ ಸಿಡಿದ ಬೆಟ್ಟದ ಬೂದಿ ನಮ್ಮ ದೇಶದ ಮೇಲೂ ಬಿದ್ದಿತ್ತೆಂಬುದು ಎಲ್ಲ ಭೂವಿಜ್ಞಾನಿಗಳಿಗೂ ಗೊತ್ತು. ಅಂಥ ಬೂದಿ ಇಷ್ಟು ಕಾಲ ಕದಲದೆ ಕೂತಿದೆಯೆಂದರೆ ಅಲ್ಲಿಗೆ ನೀರು ಬಂದೇ ಇಲ್ಲ. ಜಗಲಿಯ ಕೆಳಪದರಗಳಲ್ಲಿ ಬೀದರಿನ ಕೆಂಪು ಜಂಬಿಟ್ಟಿಗೆಯ ಪುಡಿ, ಲಾತೂರಿನ ಕಡೆಯ ಎರೆಮಣ್ಣು, ತೆಲಂಗಾಣದ ಕಣಶಿಲೆಯ ಗಾರ್ನೆಟ್ ಹರಳು ಎಲ್ಲ ಸಿಕ್ಕಿದ್ದವು. ಹಿಂದೆ ಒಂದು ಮಹಾನದಿ ಇವನ್ನೆಲ್ಲ ಹೊತ್ತು ತಂದು, ಬೂದಿ ಬೀಳುವ ಮೊದಲೇ ಬತ್ತಿಹೋಗಿತ್ತು ಎಂದು ಬರೆದ. ಆ ಇಲ್ಲದ ನದಿಗೆ ಪತ್ರಿಕೆಯವರು ‘ಅಣವೀರ ನದಿ’ ಎಂದು ಹೆಸರಿಟ್ಟರು. ಅವನು ಬೇಡವೆನ್ನಲಿಲ್ಲ.

ಬೇಡವೆಂದವಳು ಒಬ್ಬಳೇ, ಯಂತ್ರ ನಡೆಸುವ ತಸ್ನೀಮ್.

“ಸರ್, ಹಳದಿ ದೀಪ ಹತ್ತ್ಯದ. ಗಾಜಿನ ಜಾತಕ ಪೂರಾ ಹೊಂದಿಲ್ಲ. ಪೆಟ್ಟಿಗಿಗಿ ಗೊತ್ತಿಲ್ಲದ ವಸ್ತು ಬಂದ್ರ ಅದು ಹತ್ತಿರದ ಹೆಸರು ಹೇಳಿ ಹಳದಿ ದೀಪ ಹಚ್ಚತದ” ಅಂದಿದ್ದಳು. “ಮತ್ತ ವಯಸ್ಸು ನೋಡ್ರಿ. ಕೆಲವು ಕಣ ಹತ್ತು-ಹನ್ನೆರಡು ವರ್ಷದ ಹಿಂದ ಬಿಸಿಲು ಕಂಡಾವ ಅಂತದ. ಭಾಳ ಹಳೇವು ಅಂದ್ರೂ ಮುನ್ನೂರು ದಾಟಂಗಿಲ್ಲ.”

ಅಣವೀರ ಯಂತ್ರದ ಗುಂಡಿ ತಿರುಗಿಸಿ ಹಳದಿ ದೀಪ ಹತ್ತುವ ಮಿತಿಯನ್ನು ಕೆಳಗಿಳಿಸಿ ಅದನ್ನು ಆರಿಸಿದ. ವಯಸ್ಸಿನ ಲೆಕ್ಕವನ್ನು ಮಾದರಿಗೆ ಬೆಳಕು ತಗಲಿ ಕೆಟ್ಟಿದೆಯೆಂದು ತಳ್ಳಿಹಾಕಿದ. ಗವಿಯಲ್ಲಿ ಮಾದರಿ ತೆಗೆಯುವಾಗ ಕೆಂಪು ದೀಪ ಮಾತ್ರ ಹಚ್ಚಬೇಕು, ಬಿಳಿ ದೀಪ ಕೂಡದು. ‘ಸಹಾಯಕಿಯ ಅಜಾಗರೂಕತೆಯಿಂದ’ ಬೆಳಕು ಬಿದ್ದಿದೆ ಎಂದು ವರದಿಯಲ್ಲಿ ಸೇರಿಸಿದ. ನಿಜಕ್ಕೂ ಅಲ್ಲಿ ಬಿಳಿ ದೀಪ ಹಚ್ಚಿದವನು ಅವನೇ, ಬೂದಿಯ ಜೊತೆ ತನ್ನದೊಂದು ಫೋಟೋ ಬೇಕೆಂದು. ತಸ್ನೀಮ್‌ಳನ್ನು ಯಂತ್ರದಿಂದ ಬಿಡಿಸಿ ಬಾಟಲಿ ತೊಳೆಯುವ ಕೋಣೆಗೆ ಹಾಕಿದರು. ಅವಳು ಎದುರಾದಾಗಲೆಲ್ಲ ಅಣವೀರ ಫೋನು ನೋಡುತ್ತ ದಾಟುತ್ತಿದ್ದ.

ಗುರುವಾರ ಸುಣ್ಣದಹಾಳದಲ್ಲಿ ಸಾರ್ವಜನಿಕ ಅಹವಾಲು ಸಭೆ. ಅಲ್ಲಿ ಅವನು ತನ್ನ ವರದಿಯನ್ನು ಒಮ್ಮೆ ಬಾಯಿಮಾತಿನಲ್ಲಿ ಹೇಳಿಬಿಟ್ಟರೆ ಗವಿ ಕಂಪನಿಯ ಪಾಲು.

ಅದರ ಹಿಂದಿನ ಭಾನುವಾರ, ಹೆಂಡತಿ ಶ್ರಾವಣಿ ಅವನ ಕೈಗೆ ಖುರ್ಪಿ ಕೊಟ್ಟಳು. ಅವಳು ಹುಟ್ಟಿ ಬೆಳೆದದ್ದು ಹೈದರಾಬಾದಿನ ಒಂಬತ್ತನೇ ಅಂತಸ್ತಿನ ಫ್ಲಾಟಿನಲ್ಲಿ. ಕಲಬುರಗಿಗೆ ಬಂದ ಮೇಲೆ ಔಷಧಿ ಅಂಗಡಿ ನಡೆಸುತ್ತಿದ್ದಾಳೆ. ಅವಳಮ್ಮ ಆ ಫ್ಲಾಟು ಬಿಟ್ಟು ಚಿಕ್ಕ ಮನೆಗೆ ಹೋದಾಗ ಬಾಲ್ಕನಿಯ ಕುಂಡಗಳನ್ನೆಲ್ಲ ಮಗಳಿಗೆ ಕಳಿಸಿದ್ದರು.

“ಈ ದಾಸವಾಳದ ಕುಂಡ ಒಡದದ ರೀ. ಬ್ಯಾರೆದಕ್ಕ ಹಾಕಿಕೊಡ್ರಿ. ದೇಶದ ಮಣ್ಣೆಲ್ಲಾ ಕೆದರ್ತೀರಿ, ಮನಿ ಮಣ್ಣು ಒಂದಿನ ಕೆದರಿದ್ರ ಏನೂ ಆಗಂಗಿಲ್ಲ.”

ಅಣವೀರ ನಗುತ್ತ ಕೂತು ಬೇರು ಬಿಡಿಸತೊಡಗಿದ. ಕಪ್ಪು ಮಣ್ಣಿನ ನಡುವೆ ಸಾಬೂದಾಣಿಯಂಥ ಬಿಳಿ ಕಾಳುಗಳು. ಒಂದನ್ನು ಉಗುರಿನಲ್ಲಿ ಅದುಮಿದ. ಪುಸಕ್ಕೆಂದು ಬಿಳಿ ಹುಡಿಯಾಯಿತು.

“ಏನಿದು?”

“ಪರ್ಲೈಟ್ ಅಂತಾರ. ನರ್ಸರಿಯವರು ಹಾಕ್ತಾರ, ಮಣ್ಣು ಹಗುರ ಇರ್ಲಿ ಅಂತ. ನಮ್ಮಮ್ಮನ ಕುಂಡದಾಗೆಲ್ಲಾ ಅದೇ.”

ಪರ್ಲೈಟ್ ಎಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಯಾವುದೋ ದೇಶದ ಜ್ವಾಲಾಮುಖಿಯ ಗಾಜನ್ನು ಭಟ್ಟಿಗೆ ಹಾಕಿ ಚುರುಮುರಿಯಂತೆ ಅರಳಿಸಿದ್ದು. ನೆಲದಲ್ಲಿ ತಾನಾಗಿ ಸಿಗುವ ಮಣ್ಣಲ್ಲವೆಂದು ಪೆಟ್ಟಿಗೆಯ ಪಟ್ಟಿಯಲ್ಲಿ ಅದನ್ನು ಸೇರಿಸಿರಲಿಲ್ಲ. ಗವಿಯ ಬಿಳಿ ಚುಕ್ಕೆಗಳು ನೆನಪಾದವು. ಸುಮ್ಮನೆ ಅನುಮಾನ, ಏನೂ ಇರಲಿಕ್ಕಿಲ್ಲ ಎಂದುಕೊಳ್ಳುತ್ತಲೇ ನಾಲ್ಕು ಕಾಳು ಆಯ್ದು ಕಾಗದದಲ್ಲಿ ಮಡಚಿಟ್ಟ.

ಸೋಮವಾರ ಬೆಳಿಗ್ಗೆ ಬಾಟಲಿ ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತು, “ತಸ್ನೀಮ್, ಒಂದು ಮಾದರಿ ಹಾಕಬೇಕಿತ್ತು” ಎಂದ. ಅವಳು ಕೈ ಒರೆಸಿಕೊಂಡು ಬಂದಳು. ಯಾತರದ್ದು ಎಂದು ಕೇಳಲಿಲ್ಲ. ಕಾಳು ಅರೆದಳು, ಜರಡಿ ಹಿಡಿದಳು, ಗವಿಯ ಬೂದಿಯ ಜಾತಕದ ಪಕ್ಕಕ್ಕೆ ಇದರ ಜಾತಕ ಇಟ್ಟಳು. ಪರದೆಯ ಮೇಲೆ ಎರಡು ಗೆರೆಗಳು ಒಂದರ ಮೇಲೊಂದು ಕೂತವು. ಒಂದು ಕೂದಲೆಳೆಯೂ ಆಚೀಚೆ ಇಲ್ಲ.

“ಎರಡೂ ಒಂದೇ ಅವ, ಸರ್. ಇದು ಎಲ್ಲೀದು?”

“ನಮ್ಮ ಮನೀದು” ಎಂದ ಅಣವೀರ. “ಅಂದ್ರ, ನಮ್ಮತ್ತಿ ಬಾಲ್ಕನೀದು.”

ತಸ್ನೀಮ್ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಹೈದರಾಬಾದಿನ ಬಾಲ್ಕನಿಯ ಮಣ್ಣು ಸುಣ್ಣದಹಾಳದ ಗವಿಗೆ ಹೇಗೆ ಹೋಯಿತು? ಅವನು ಜಗಲಿಯ ಎಲ್ಲ ಕಣಗಳ ಮೂಲದ ನಕ್ಷೆಯನ್ನು ಪರದೆಯ ಮೇಲೆ ಎಳೆದ. ನೂರು ಸಲ ನೋಡಿದ್ದ ನಕ್ಷೆ. ಅಲ್ಲಲ್ಲಿ ಬಿದ್ದ ಚುಕ್ಕೆಗಳನ್ನು ಕೂಡಿಸಿ ನದಿಯ ಗೆರೆ ಎಳೆದವನು ಅವನೇ. ಈಗ ಆ ಗೆರೆಯನ್ನು ಅಳಿಸಿ, ಊರುಗಳ ಹೆಸರು ಮೂಡಿಸಿದ. ಕೊಡಂಗಲ್. ಅದು ದೊಡ್ಡವ್ವನ ತವರು. ಬಸವಕಲ್ಯಾಣ, ಅದು ಕಾಕಿಯದು. ತಾಂಡೂರು ಅಣ್ಣನ ಹೆಂಡತಿಯದು. ಹುಮನಾಬಾದ್, ಔಸಾ, ಗುರುಮಠಕಲ್, ಹೈದರಾಬಾದ್. ಲಗ್ನಪತ್ರಿಕೆ ಹಂಚಲು ಬಾಲ್ಯದಲ್ಲಿ ಅಪ್ಪನ ಸ್ಕೂಟರಿನ ಹಿಂದೆ ಕೂತು ಸುತ್ತಿದ ಊರುಗಳೆಲ್ಲ ಅಲ್ಲಿದ್ದವು. ಅದು ನದಿಯ ನಕ್ಷೆಯಲ್ಲ, ಬೀಗರ ಊರುಗಳ ನಕ್ಷೆ.

ಅವತ್ತು ಮಧ್ಯಾಹ್ನವೇ ಮನೆಗೆ ಹೋಗಿ ಶ್ರಾವಣಿಯನ್ನು ಕೇಳಿದ. ಅವಳು ಒಂದು ಕ್ಷಣ ಅವನ ಮುಖ ನೋಡಿ, ಬಾಗಿಲು ಮುಚ್ಚಿ ಬಂದು ಕೂತಳು.

“ಗಂಡಸರಿಗಿ ಹೇಳಬಾರದು ಅಂತದ ರೀ. ಲಗ್ನಾದ ಐದನೇ ದಿನ ಗಂಗಿ ಪೂಜಿಗಿ ಅಂತ ಕರಕೊಂಡು ಹೋದ್ರಲ್ಲ? ಬಾವಿಗಲ್ಲ, ಗವಿಗಿ. ಸೊಸಿ ಬರೋವಾಗ ತವರುಮನಿ ಮಣ್ಣು ಉಡ್ಯಾಗ ಕಟ್ಟಿಕೊಂಡು ಬರಬೇಕು. ಅದನ್ನ ಜಗಲಿ ಮ್ಯಾಲ ಹಾಕಿ, ನಾ ಇನ್ನ ಈ ಊರಾಕಿ ಅನ್ನಬೇಕು. ಆಮ್ಯಾಲ ವರ್ಷಕ್ಕೊಮ್ಮಿ ಹೋಗಿ ಮುಟ್ಟಿ ಬರೋದು. ನಮಗ ಎಲ್ಲಿ ಮಣ್ಣಿತ್ತು? ಒಂಬತ್ತನೇ ಮಾಳಗಿ. ನಮ್ಮಮ್ಮ ದಾಸವಾಳದ ಕುಂಡದಾಗಿಂದು ಒಂದು ಹಿಡಿ ತೆಗದು ಕೊಟ್ರು. ನನಗ ನಾಚಿಕಿ ಆಗಿತ್ತು. ಅತ್ತಿಯವರೇ ಅಂದ್ರು, ನಿಮ್ಮವ್ವ ನೀರು ಹಾಕಿದ ಮಣ್ಣು ಹೌದಲ್ಲೋ, ನಡೀ ಅಂತ.”

“ನೀ ನನಗ ಒಂದು ಮಾತು ಹೇಳಬಾರದಾಗಿತ್ತಾ? ಪೇಪರದಾಗೆಲ್ಲಾ ಬಂತು!”

“ಗವಿಯಾಗ ಬೂದಿ ಸಿಕ್ಕದ ಅಂದ್ರಿ. ಎಪ್ಪತ್ತು ಸಾವಿರ ವರ್ಷದ್ದು ಅಂದ್ರಿ. ನೆಲದಾಗ ತೋಡಿರಬೇಕು ಅಂದ್ಕೊಂಡೆ. ಜಗಲಿಗಿ ಕೈ ಹಚ್ಚೀರಿ ಅಂತ ನನಗ ಹ್ಯಾಂಗ ಗೊತ್ತಾಗಬೇಕು? ಒಳಕೋಣಿಗಿ ಗಂಡಸರು ಹೋಗಂಗಿಲ್ಲಪ್ಪ ಅಂತ ಅತ್ತಿಯವರು ಹೇಳಿದ್ದು ನಾನೇ ಕೇಳೀನಿ. ನೀವು ನಕ್ಕೊಂತ ಬೂಟು ಹಾಕ್ಕೊಂಡ್ರಿ.”

ಹೌದು, ನಕ್ಕಿದ್ದ. ಯಾಕವ್ವ ಹೋಗಬಾರದು ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಿರಲಿಲ್ಲ. ‘ಒಳಕೋಣೆಯಲ್ಲಿ ಮನುಷ್ಯರ ಓಡಾಟದ ಕುರುಹು ಇಲ್ಲ, ಸ್ಥಳೀಯನಾದ ನಾನು ಇದನ್ನು ಖಚಿತವಾಗಿ ಬಲ್ಲೆ’ ಎಂದು ವರದಿಯಲ್ಲಿ ಬರೆದಿದ್ದ. ಇಡೀ ಊರಿನ ಹೆಂಗಸರು ಮುನ್ನೂರು ವರ್ಷ ಓಡಾಡಿದ ಜಾಗ ಅದು.

ಬುಧವಾರ ಸಂಸ್ಥೆಯ ನಿರ್ದೇಶಕರು ಕರೆಸಿದರು. ಬೂದಿಯೆಂದದ್ದು ಕುಂಡದ ಮಣ್ಣೆಂದು ಕೇಳಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಇದನ್ನೆಲ್ಲ ಜನರೆದುರು ಹೇಳ್ತೀರಾ? ಸಂಸ್ಥೆಯ ಮಾನ ಏನಾಗಬೇಕು? ಮಾದರಿ ಕೆಟ್ಟಿತ್ತು, ಮತ್ತೊಮ್ಮೆ ಪರೀಕ್ಷೆ ಮಾಡ್ತೀವಿ ಅನ್ನಿ. ಸಹಾಯಕಿಯ ಅಜಾಗರೂಕತೆ ಅಂತ ಮೊದಲೇ ಬರೆದಿದ್ದೀರಲ್ಲ, ಅಷ್ಟು ಸಾಕು.”

ಎಷ್ಟು ಸಲೀಸಾದ ದಾರಿ! ಗವಿಯೂ ಉಳಿಯುತ್ತದೆ, ತನ್ನ ಮುಖವೂ ಉಳಿಯುತ್ತದೆ. ಹೋಗುವುದು ತಸ್ನೀಮ್‌ಳ ನೌಕರಿ ಮಾತ್ರ. ನಾಚಿಕೆಗೇಡಿನ ಮಾತೆಂದರೆ, ಅಣವೀರ ಅರ್ಧ ದಿನ ಅದನ್ನು ಯೋಚಿಸಿದ. ಒಮ್ಮೆ ಅದೇ ಸರಿಯೆಂದೂ ಅನ್ನಿಸಿತು. ಕಾರಿಡಾರಿನಲ್ಲಿ ತಸ್ನೀಮ್ ಎದುರಾದಳು, ಅಭ್ಯಾಸಬಲದಿಂದ ಅವನ ಕೈ ಫೋನಿನ ಕಡೆ ಹೋಯಿತು. ಆಗ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಅಹವಾಲು ಊರ ಶಾಲೆಯ ಬಯಲಿನಲ್ಲಿ. ಎದುರಿಗೆ ಊರಿನ ಗಂಡಸರು, ಬೇವಿನ ಮರದ ನೆರಳಿನಲ್ಲಿ ಹೆಂಗಸರು, ಅವರ ನಡುವೆ ಅಣವೀರನ ತಾಯಿ ಗುರುಬಾಯಿ. ಸಮಿತಿಯ ಅಧ್ಯಕ್ಷೆ, “ಡಾಕ್ಟರ್, ನಿಮ್ಮ ವರದಿಯ ಸಾರಾಂಶ ಹೇಳಿ” ಎಂದರು. ಅವನು ಎದ್ದು ನಿಂತ.

“ನನ್ನ ವರದಿ ತಪ್ಪು” ಎಂದ. “ಅಲ್ಲಿ ಸಿಕ್ಕದ್ದು ಬೂದಿಯಲ್ಲ. ನನ್ನ ಹೆಂಡತಿಯ ತವರಿನ ಕುಂಡದ ಮಣ್ಣು.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ನಗು ಬಯಲಿನ ತುಂಬ ಹಬ್ಬಿತು. “ಅಣವೀರನ ನದಿ ಕುಂಡದಾಗ ಹುಟ್ಟೇದಪೋ!” ಎಂದು ಒಬ್ಬ ಕೂಗಿದ. ಕಂಪನಿಯ ಸಲಹೆಗಾರ ಕೂಡ ನಗು ತಡೆಯಲಾರದೆ ಕರವಸ್ತ್ರ ಹಿಡಿದ. ನೆಲ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು ಅಣವೀರನಿಗೆ.

ನಗು ತಗ್ಗಿದ ಮೇಲೆ ಸಲಹೆಗಾರ ಎದ್ದ. “ಕುಂಡದ ಮಣ್ಣು ಗವಿಗೆ ತಾನಾಗಿ ನಡೆದು ಹೋಯಿತೇ? ಯಾರು ಇಟ್ಟರು? ಯಾಕೆ ಇಟ್ಟರು? ಅದನ್ನು ಹೇಳದಿದ್ದರೆ ಮೊದಲಿನ ವರದಿಯೇ ನಿಲ್ಲುತ್ತದೆ.”

ಹೇಳಿದರೆ ಹೆಂಗಸರ ಗುಟ್ಟು ಗಂಡಸರ ಬಾಯಿಂದ, ಅದೂ ತನ್ನ ಬಾಯಿಂದ, ಬಯಲಾಗುತ್ತದೆ. ಕದ್ದು ತಂದದ್ದು ಸಾಲದೆಂದು ಈಗ ಇದನ್ನೂ ಮಾರಬೇಕೇ? ಅಣವೀರ ಬೇವಿನ ಮರದ ಕಡೆ ನೋಡಿದ.

ಗುರುಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು. ಪಕ್ಕದವಳು ಸೀರೆ ಹಿಡಿದು ಜಗ್ಗಿದರೂ ಕೂರಲಿಲ್ಲ. “ನಾವು ಇಟ್ಟೀವ್ರಿ” ಎಂದಳು. “ನಾ ಇಟ್ಟೀನಿ, ನಮ್ಮತ್ತಿ ಇಟ್ಟಾಳ, ಆಕಿ ಅತ್ತಿ ಇಟ್ಟಾಳ. ಈ ಊರಿಗಿ ಸೊಸಿಯಾಗಿ ಬಂದವರೆಲ್ಲಾ ಇಟ್ಟಾರ. ಯಾಕ ಅಂತ ಕೇಳಬ್ಯಾಡ್ರಿ, ಅದು ನಮ್ಮದು. ಬಿರಸಿನ ಮಳಿ ಆದ ವರ್ಷ ಕೆಳಗ ಮೊಳಕಾಲತನಕ ನೀರು ಬರತದ. ಅದಕ್ಕ ಜಗಲಿ ಮ್ಯಾಲ ಇಡತೀವಿ.”

ನಗುತ್ತಿದ್ದ ಗಂಡಸರು ತಮ್ಮ ತಮ್ಮ ಹೆಂಡಂದಿರ ಮುಖ ಹುಡುಕುತ್ತಿದ್ದರು.

ಅಣವೀರ ಮತ್ತೆ ಮಾತಾಡಿದ. ಜಗಲಿ ಸಿಕ್ಕ ಸಂಭ್ರಮದಲ್ಲಿ ಕೆಳಗಿನ ನೆಲದ ಜೇಡಿಯನ್ನು ತಾನು ಪರೀಕ್ಷೆಗೇ ಹಾಕಿರಲಿಲ್ಲ ಎಂದ. ಬಿಳಿ ದೀಪ ಹಚ್ಚಿದವನು ತಾನು, ಹಳದಿ ದೀಪ ಆರಿಸಿದವನೂ ತಾನು, ತಸ್ನೀಮ್ ಹೇಳಿದ್ದೆಲ್ಲ ಸರಿಯಾಗಿತ್ತು, ಅವಳ ಮೇಲೆ ತಾನು ಸುಳ್ಳು ಹೊರಿಸಿದೆ ಎಂದ. ಬರೆದುಕೊಳ್ಳುತ್ತಿದ್ದ ಅಧ್ಯಕ್ಷೆ ಒಂದು ಗಳಿಗೆ ತಲೆಯೆತ್ತಿ ಅವನನ್ನು ನೋಡಿದರು. ಆ ನೋಟ ನಗುವಿಗಿಂತ ಕಷ್ಟವಾಗಿತ್ತು.

ಮುಂದಿನ ವಾರ ನೆಲದ ಜೇಡಿಯನ್ನು ತಸ್ನೀಮ್‌ಳೇ ಯಂತ್ರಕ್ಕೆ ಹಾಕಿದಳು. ಮಾದರಿ ತರಲು ಹೆಂಗಸರೇ ಹೋಗಿದ್ದರು. ಸುಣ್ಣಕಲ್ಲು ಕರಗಿ ಉಳಿದ ಅಂಟುಜೇಡಿಯೊಳಗೆ ಹಳ್ಳದ ಮರಳು, ಹೊಲದ ಎರೆಮಣ್ಣು ಬೆರೆತಿದ್ದವು. ಕೊನೆಯ ಸಲ ಬಿಸಿಲು ಕಂಡದ್ದು ಎರಡು ಮಳೆಗಾಲದ ಹಿಂದೆ. ಹಳದಿ ದೀಪ ಹತ್ತಲಿಲ್ಲ. ಕಂಪನಿ ಬೇರೆ ಜಾಗ ಹುಡುಕಿಕೊಂಡು ಹೋಯಿತು. ತಸ್ನೀಮ್ ಯಂತ್ರಕ್ಕೆ ಮರಳಿದಳು, ಅಣವೀರ ಮುಖ್ಯಸ್ಥನ ಕುರ್ಚಿ ಬಿಟ್ಟ. ಅವಳಲ್ಲಿ ಕ್ಷಮೆ ಕೇಳಿದ. ಅವಳು, “ಆಯ್ತ್ರಿ ಸರ್” ಎಂದಳು. ಅಷ್ಟೇ ಎಂದಳು.

ಅವನು ಊರಿಗೆ ಹೊರಡುವ ದಿನ ಅವಳು ಅವನ ಕೈಯಲ್ಲಿ ಒಂದು ಚಿಕ್ಕ ಬಾಟಲಿ ಇಟ್ಟಳು. ಜಗಲಿಯ ಮಾದರಿಯಲ್ಲಿ ಉಳಿದದ್ದು. ಬೆರಳುದ್ದದ ಬಾಟಲಿ, ಅದರಲ್ಲಿ ಅರ್ಧ, ಹಿಟ್ಟಿನಂತೆ ನುಣ್ಣಗೆ ಅರೆದ ಬೂದುಬಣ್ಣದ ಪುಡಿ. ಅವನು ಗವಿಯಿಂದ ತಂದದ್ದು ಒಂದು ಬುಟ್ಟಿ ಮಣ್ಣು, ಮಿಕ್ಕದ್ದೆಲ್ಲ ಯಂತ್ರದಲ್ಲಿ ಗಾಜಿನ ಗುಂಡಾಗಿತ್ತು.

ಅದನ್ನು ಹಿಡಿದು ಅಣವೀರ ಊರಿಗೆ ಹೋದ. ಗುರುಬಾಯಿ ಗವಿಯ ಬಾಯಿಯಲ್ಲಿ ಶ್ರಾವಣಿಯ ಜೊತೆ ಕಾಯುತ್ತಿದ್ದಳು. ಅವನು ಹೊರಗೇ ನಿಂತ.

“ಅವ್ವ, ಜಗಲಿ ಮಣ್ಣು ನಾ ಒಯ್ದೀನಂತ ನಿನಗ ಯಾವಾಗ ಗೊತ್ತಾತು?”

“ನೀ ಒಯ್ದ ವಾರಕ್ಕ. ಮುಟ್ಟಿ ಬರಲಿಕ್ಕಿ ಹೋಗಿದ್ದೆ. ನಿನ್ನ ಬೂಟಿನ ಗುರ್ತು ಇತ್ತು.”

“ಮತ್ತ ಒಬ್ಬರಿಗೂ ಹೇಳಲಿಲ್ಲ?”

“ಏನಂತ ಹೇಳಲಿ? ನನ್ನ ಮಗ ಅಂತ ಹೇಳಲಾ?”

ಅಷ್ಟು ತಿಂಗಳು ಅವಳು ಊರಿನ ಹೆಂಗಸರ ನಡುವೆ ಆ ಮಾತು ನುಂಗಿಕೊಂಡು ಕೂತಿದ್ದಳು, ಅವನು ಪತ್ರಿಕೆಯ ತುಣುಕು ಕತ್ತರಿಸಿ ಅವಳಿಗೆ ತೋರಿಸುತ್ತಿದ್ದ.

ನಕ್ಷೆಯಲ್ಲಿ ಒಂದು ಚುಕ್ಕೆಯ ಪಕ್ಕ ಮಾತ್ರ ಯಾವ ಊರಿನ ಹೆಸರೂ ಮೂಡಿರಲಿಲ್ಲ. ಸುತ್ತ ನೀಲಿ ನೀರು. ಗುರುಬಾಯಿಯ ತವರು ಅದು, ಅವಳ ಮದುವೆಯಾದ ಆರೇಳು ವರ್ಷಕ್ಕೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ್ದು. ಮನೆ, ಬೀದಿ, ಹೊಲ ಯಾವುದೂ ಉಳಿದಿರಲಿಲ್ಲ. ಒಣಗಿ ಉಳಿದ ಅದರ ಮಣ್ಣೆಂದರೆ ಈ ಜಗಲಿಯ ಮೇಲಿನ ಒಂದು ಹಿಡಿ. ವರ್ಷಕ್ಕೊಮ್ಮೆ ಅವಳು ಹೋಗಿ ಮುಟ್ಟಿ ಬರುತ್ತಿದ್ದದ್ದು ಅದನ್ನು. ಊರು ಮುಳುಗಿದ್ದು ಅವನಿಗೆ ಗೊತ್ತಿತ್ತು, ಅದರ ಮಣ್ಣು ಇಲ್ಲಿದೆಯೆಂದು ತಿಳಿದದ್ದು ಪರದೆಯ ಮೇಲೆ ನೀಲಿ ನೋಡಿದ ಮೇಲೆಯೇ.

ಅವನು ಬಾಟಲಿ ಚಾಚಿದ. ಗುರುಬಾಯಿ ಎರಡೂ ಕೈಯಲ್ಲಿ ಇಸಕೊಂಡಳು, ಬಿಸಿಲಿಗೆ ಹಿಡಿದು ನೋಡಿದಳು, ಮೆಲ್ಲಗೆ ಅಲುಗಿಸಿದಳು. ಪುಡಿ ಒಂದು ಪಕ್ಕಕ್ಕೆ ಸರಿದು ನಿಂತಿತು.

“ಇದರಾಗ ನಮ್ಮೂರಿಂದು ಅದ ಏನಪ್ಪ?”

“ಅದ ಅವ್ವ. ಎಲ್ಲರದ್ದೂ ಕೂಡ್ಯದ.”

ಅವಳು ಇನ್ನೊಮ್ಮೆ ಬಾಟಲಿ ನೋಡಿದಳು. ಸಿಟ್ಟಿರಲಿಲ್ಲ ಮುಖದಲ್ಲಿ, ಅಂಗಡಿಯಲ್ಲಿ ಕಡಿಮೆ ತೂಕದ ಪೊಟ್ಟಣ ಕೈಗೆ ಬಂದಾಗ ಕೇಳುವಂತೆ ಕೇಳಿದಳು.

“ಇಷ್ಟೇ ಉಳದದೇನು?”

ಅತ್ತೆ ಸೊಸೆ ಇಬ್ಬರೂ ಚಪ್ಪಲಿ ಬಿಟ್ಟು, ಬಾಟಲಿ ಹಿಡಿದು ಗವಿಯೊಳಗೆ ಹೋದರು.